ಬಾಯಿ ಒಬ್ಬಳದು, ಗಂಟಲು ಇನ್ನೊಬ್ಬಳದು

ನಮ್ಮ ಕಡೆಯ ಹುಡುಗರು ಈಗಲೂ ಫೋನ್ ಮಾಡಿ ಕೇಳುತ್ತಾರೆ, ಅಂಕಲ್, ದುಬೈಯಲ್ಲಿ ಸೌಂಡ್ ಲೈನ್ ಹೇಗೆ ಉಂಟು, ದೊಡ್ಡ ದೊಡ್ಡ ಸ್ಟಾರುಗಳ ಜೊತೆ ಇದ್ದವರಲ್ವಾ ನೀವು, ಅಂತ. ಇದ್ದೆ ಮಾರಾಯರೇ, ಇಲ್ಲ ಅನ್ನುವುದಿಲ್ಲ. ಅವರ ಎಂಜಲು ಹಾರಿದ ಮೈಕನ್ನು ಸ್ಪಿರಿಟ್ ಹಾಕಿ ಒರೆಸಿದವನು ನಾನೇ. ಅವರ ಜೊತೆ ಫೋಟೋ ತೆಗೆಸಿಕೊಂಡದ್ದೂ ಉಂಟು, ಫೋಟೋದಲ್ಲಿ ನನ್ನ ಅರ್ಧ ಕಿವಿ ಮಾತ್ರ ಬಂದಿದೆ. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಇದನ್ನೆಲ್ಲ ಹೇಳಲು ಸಮಯ ಸಿಕ್ಕಿದೆ, ಹಾಗಾಗಿ ಬರೆಯುತ್ತಿದ್ದೇನೆ. ಸಿಹಿ ಮಾತು ಬೇಕಾದವರು ಬೇರೆ ಯಾರನ್ನಾದರೂ ಕೇಳಿ.

ಕೇಬಲ್ ಸುತ್ತುವ ಹೆಲ್ಪರ್ ಆಗಿ ಸೇರಿದೆ, ಕೊನೆಗೆ ಸೀನಿಯರ್ ಎಂಜಿನಿಯರ್ ಅಂತ ಕಾರ್ಡ್ ಮಾಡಿಸಿಕೊಟ್ಟರು. ನಡುವೆ ಏನೇನು ಆದೆ ಅನ್ನುವುದು ಬೇಡ. ಕಾರ್ಡಿನಲ್ಲಿ ಏನೇ ಬರೆದಿರಲಿ, ಸ್ಪೀಕರ್ ಎತ್ತುವಾಗ ನೋಯುವುದು ಅದೇ ಸೊಂಟ.

ಕಂಪನಿ ಸುಧಾಕರಣ್ಣನದ್ದು. ಕಾಪು ಕಡೆಯವರು. ಅಲ್ ಕೂಝ್‌ನಲ್ಲಿ ತಗಡಿನ ಗೋಡೌನು, ಅದರ ಮೂಲೆಯಲ್ಲಿ ಎಸಿ ಹಾಕಿದ ಒಂದು ಗೂಡಿನಂಥ ಆಫೀಸು. ನನ್ನ ಜೊತೆ ತುಳು, ಡ್ರೈವರುಗಳ ಜೊತೆ ಹಿಂದಿ, ಹೊಟೇಲಿನವರ ಜೊತೆ ಇಂಗ್ಲಿಷ್. ಯಾವ ಭಾಷೆಯಲ್ಲಿ ಮಾತಾಡಿದರೂ ಮಾತು ಒಂದೇ, ಕ್ಲೈಂಟ್ ಹೇಳಿದ್ದು ಮಾಡು. ಒಳ್ಳೆಯ ಮನುಷ್ಯ ಅಲ್ಲ ಅನ್ನಲಾರೆ. ನನ್ನ ಹೆಂಡತಿ ಐರಿನ್‌ಗೆ ಆಪರೇಷನ್ ಆದಾಗ ಆಸ್ಪತ್ರೆಯ ಬಾಗಿಲಲ್ಲಿ ಎಳನೀರು ಹಿಡಿದುಕೊಂಡು ನಿಂತವರು ಅವರೇ. ಆದರೆ ಕ್ಲೈಂಟ್ ಎದುರು ಮಾತ್ರ ಅವರ ಬೆನ್ನುಮೂಳೆ ಮೇಣದ ಹಾಗೆ ಬಾಗುತ್ತಿತ್ತು.

ನಾನು ಮಾಡಿದ ಎಡವಟ್ಟು ಒಂದೆರಡಲ್ಲ. ಒಂದು ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬಂದೀತು. ದುಬೈಗೆ ಬಂದ ಹೊಸತರಲ್ಲಿ ಒಂದು ಹೊಟೇಲಿನ ಈಜುಕೊಳದ ಬದಿ ಸೌಂಡ್ ಚೆಕ್ ನಡೆದಿತ್ತು. ಎಲ್ಲೋ ಒಂದು ಕಡೆ ಗುಂಯ್ ಅಂತ ಹಮ್ ಬರುತ್ತಿತ್ತು. ಅದನ್ನು ಹುಡುಕುತ್ತಾ ಮೇಜಿನ ಅಡಿ ನುಗ್ಗಿದ್ದೆ, ಮೇಲೆ ಡ್ರಮ್ಮಿನ ಟೆಸ್ಟ್ ಟ್ರ್ಯಾಕ್ ಬಡಿಯುತ್ತಲೇ ಇತ್ತು. ಬದಿಯ ಮಸೀದಿಯಿಂದ ಬಾಂಗ್ ಶುರುವಾದದ್ದು ನನಗೆ ಗೊತ್ತೇ ಆಗಲಿಲ್ಲ. ಬಾಂಗ್ ಹೊತ್ತಿಗೆ ಸಂಗೀತ ನಿಲ್ಲಿಸಬೇಕು, ಅದು ಅಲ್ಲಿಯ ಮೊದಲ ಪಾಠ. ಸೆಕ್ಯುರಿಟಿಯವ ಖಲಾಸ್ ಖಲಾಸ್ ಅಂತ ಕೈ ಬೀಸುತ್ತಾ ಓಡಿ ಬಂದ. ಸುಧಾಕರಣ್ಣ ಹೊಟೇಲಿನ ಮ್ಯಾನೇಜರನ ಎದುರು ಕೈ ಮುಗಿದು ನಿಂತರು, ಆಮೇಲೆ ನನಗೆ ತುಳುವಿನಲ್ಲಿ ಬೈದದ್ದನ್ನು ಇಲ್ಲಿ ಬರೆದರೆ ಐರಿನ್ ಈ ಹಾಳೆಯನ್ನೇ ಹರಿದುಹಾಕುತ್ತಾಳೆ. ಅವತ್ತಿನಿಂದ ದಿನದ ಐದೂ ನಮಾಜಿನ ಹೊತ್ತಿಗೆ ನನ್ನ ಫೋನಿನ ಅಲಾರಂ ಬಡಿದುಕೊಳ್ಳುತ್ತಿತ್ತು. ಚರ್ಚಿನಲ್ಲಿ ಪೂಜೆಯ ನಡುವೆ ಬಡಿದುಕೊಂಡದ್ದೂ ಉಂಟು.

ಇರಲಿ. ನಾನು ಬರೆಯಲು ಕೂತದ್ದು ಇಟಲಿಯ ಆ ಗುಂಪಿನ ಬಗ್ಗೆ.

ಗುಂಪಿನ ಹೆಸರು ಬರೆಯುವುದಿಲ್ಲ. ಹೆಸರು ರೆನ್ಸೊ ಎಂಬವನ ಸ್ವತ್ತು, ಅವನು ಮಾತೆತ್ತಿದರೆ ವಕೀಲನ ನೋಟೀಸು ಕಳಿಸುವ ಜಾತಿ. ತೊಂಬತ್ತರ ದಶಕದಲ್ಲಿ ಇಟಲಿಯಿಂದ ಹೊರಟ ಡ್ಯಾನ್ಸ್ ಹಾಡುಗಳು ಲೋಕವೆಲ್ಲ ಸುತ್ತಿದವಲ್ಲ, ಒಂದೇ ಸಮನೆ ಕುಟ್ಟುವ ಬೀಟು, ಅದರ ಮೇಲೆ ಗಗನಕ್ಕೇರುವ ಹೆಣ್ಣುದನಿ, ಅಂಥ ಮೂರು ನಾಲ್ಕು ಹಾಡು ಈ ಗುಂಪಿನದ್ದು. ಮಂಗಳೂರಿನಲ್ಲಿ ನಮ್ಮವರ ಮದುವೆಗಳಲ್ಲಿ ಬೈಲಾ ಕುಣಿತ ಮುಗಿದ ಮೇಲೆ ಡಿಜೆ ಹಾಕುತ್ತಿದ್ದದ್ದೇ ಅಂಥವನ್ನು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತೆಯಂದಿರೂ ಕುಣಿದದ್ದನ್ನು ನಾನು ನೋಡಿದ್ದೇನೆ.

ಗುಂಪು ಅಂದರೆ ಮಣ್ಣಂಗಟ್ಟಿ. ಟ್ಯೂನ್ ಕಟ್ಟಿದವನು, ರೆಕಾರ್ಡ್ ಮಾಡಿದವನು, ಲಾಭ ತಿಂದವನು ಎಲ್ಲ ರೆನ್ಸೊ ಒಬ್ಬನೇ. ಹಾಡಿದವಳು ಒಬ್ಬಳು, ದೊನಾತಾ ಅಂತ, ಆಗ ಇಪ್ಪತ್ತರ ಹುಡುಗಿ. ಸ್ಟುಡಿಯೋಗೆ ಬಂದು ಹಾಡಿ ಕೂಲಿ ತೆಗೆದುಕೊಂಡು ಮನೆಗೆ ಹೋದಳು. ರೆಕಾರ್ಡಿನ ಹೊದಿಕೆಯ ಮೇಲೆ, ಟಿವಿಯಲ್ಲಿ, ವೇದಿಕೆಯಲ್ಲಿ ಕಾಣಿಸಿಕೊಂಡವಳು ಬೇರೆ, ಉದ್ದ ಕಾಲಿನ ಒಬ್ಬ ಮಾಡೆಲ್. ಅವಳು ಬಾಯಿ ಆಡಿಸುತ್ತಿದ್ದಳು, ದೊನಾತಾ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದಳು. ಆ ಲೈನಿನಲ್ಲಿ ಇದೇನು ವಿಶೇಷ ಅಲ್ಲವಂತೆ. ದಂಧೆಯೇ ಹಾಗೆ.

ನಾನು ಅವರನ್ನು ಕಂಡದ್ದು ಎರಡು ಸಾವಿರದ ಹತ್ತರ ಆಚೆ ಈಚೆ. ಆ ಹೊತ್ತಿಗೆ ಮಾಡೆಲ್ ಯಾರನ್ನೋ ಮದುವೆಯಾಗಿ ಬಿಟ್ಟುಹೋಗಿದ್ದಳು. ದುಬೈಯಲ್ಲಿ ಹಳೆಯ ಹಾಡಿನ ಹುಚ್ಚು ಎದ್ದಿತ್ತು, ಮೊದಲ ಸಲ ಸಂಬಳ ಎಣಿಸುವಾಗ ಆ ಹಾಡು ಕೇಳಿದವರೆಲ್ಲ ಈಗ ಮ್ಯಾನೇಜರುಗಳಾಗಿದ್ದರು. ರೆನ್ಸೊ ಹುಡುಕಿ ಹುಡುಕಿ ಕೊನೆಗೆ ದೊನಾತಾಳನ್ನೇ ಕರಕೊಂಡು ಬಂದ. ಪದಗಳು ಅವಳಿಗೆ ಬಾಯಿಪಾಠ, ಬೇರೆಯವಳಿಗೆ ಕಲಿಸುವ ಕೆಲಸ ಇಲ್ಲ.

ನೋಡಿದರೆ ನಮ್ಮ ಯಾವುದೋ ಚಿಕ್ಕಮ್ಮನ ಹಾಗೆ ಇದ್ದಳು. ಸ್ವಲ್ಪ ಸ್ಥೂಲ ಮೈ, ಕನ್ನಡಕ, ಚಪ್ಪಲಿ ಕಳಚಿ ಕಾಲು ಮಡಚಿ ಕೂರುವ ಅಭ್ಯಾಸ. ಮೊದಲ ದಿನವೇ ನನ್ನ ಹೆಸರು ಕೇಳಿ ವಲೇರಿಯನ್, ಕಂಪನಿಯಲ್ಲಿ ಕರೆಯುವುದು ವಲ್ಲಿ ಅಂದಾಗ ನಕ್ಕಳು, ಅವಳ ಅಜ್ಜನ ಹೆಸರೂ ಹೆಚ್ಚುಕಡಿಮೆ ಅದೇ ಅಂತೆ. ನಾನು ಖುಷಿಯಿಂದ ಅವಳ ಮೈಕು ಸರಿಮಾಡುತ್ತಿದ್ದರೆ ರೆನ್ಸೊ ಬಂದು, ಅದೆಲ್ಲ ಬೇಡ, ಮೈಕು ಆಫ್ ಇರಲಿ, ದನಿ ಟ್ರ್ಯಾಕಿನಲ್ಲಿ ಉಂಟು ಅಂದ. ಟ್ರ್ಯಾಕ್ ಅಂದರೆ ಮೊದಲೇ ರೆಕಾರ್ಡ್ ಆದ ಹಾಡು, ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ ಮುಗಿಯಿತು. ನನಗೆ ಅರ್ಥವಾಗಲಿಲ್ಲ. ಹಾಡಿದವಳೇ ಬಂದಿದ್ದಾಳಲ್ಲ, ಮತ್ತೆ ಯಾಕೆ ಬಾಯಿ ಆಡಿಸುವುದು ಅಂತ ಕೇಳಿಯೇಬಿಟ್ಟೆ. ಜನ ದುಡ್ಡು ಕೊಟ್ಟದ್ದು ಆ ಹುಡುಗಿಯ ದನಿ ಕೇಳಲು, ಈ ಹೆಂಗಸಿನ ದನಿ ಅಲ್ಲ ಅಂದ. ಅವಳು ಪಕ್ಕದಲ್ಲೇ ನಿಂತಿದ್ದಳು.

ಹಾಗೆ ವರ್ಷಗಟ್ಟಲೆ ನಡೆಯಿತು. ಚಳಿಗಾಲ ಬಂತೆಂದರೆ ಅವರೂ ಬರುತ್ತಿದ್ದರು. ಮೊದಲ ವರ್ಷ ದೊಡ್ಡ ಮೈದಾನ, ಕಣ್ಣು ಹಾಯುವಷ್ಟು ಜನ. ಮರುವರ್ಷ ಹೊಟೇಲಿನ ಹಾಲ್. ಆಮೇಲೆ ಶುಕ್ರವಾರದ ಬ್ರಂಚ್, ಒಂದು ಕಡೆ ಇವಳು ವೇದಿಕೆಯಲ್ಲಿ, ಇನ್ನೊಂದು ಕಡೆ ಜನ ಸಿಗಡಿಗೆ ಕ್ಯೂ. ಒಮ್ಮೆ ಮಾಲ್ ಒಂದರಲ್ಲಿ ಫ್ರಿಜ್ಜಿನ ಅಂಗಡಿ ಉದ್ಘಾಟನೆಗೂ ಹೋದೆವು. ಒಂದು ಗುಂಪು ಹೇಗೆ ಮೆಟ್ಟಿಲು ಇಳಿಯುತ್ತದೆ ಅಂತ ನೋಡಬೇಕಾದರೆ ಸೌಂಡಿನವನ ಜಾಗದಲ್ಲಿ ಕೂರಬೇಕು, ಅಷ್ಟು ಸ್ಪಷ್ಟವಾಗಿ ಬೇರೆ ಎಲ್ಲಿಂದಲೂ ಕಾಣುವುದಿಲ್ಲ. ಎಲ್ಲ ಕಡೆಯೂ ಅವಳು ತನ್ನದೇ ಇಪ್ಪತ್ತರ ಹರೆಯದ ದನಿಗೆ ಬಾಯಿ ಆಡಿಸಿದಳು. ಅಂದು ಗಂಟಲು ಅವಳದು, ಬಾಯಿ ಬೇರೆಯವಳದು. ಇಂದು ಬಾಯಿ ಅವಳದು, ಗಂಟಲು ಎಂದೋ ಕಳೆದುಹೋದ ಆ ಹುಡುಗಿಯದು. ಇಷ್ಟೂ ಕಡೆ ಎರಡೂ ಒಟ್ಟಿಗೆ ಒಂದು ವೇದಿಕೆ ಹತ್ತಿದ್ದೇ ಇಲ್ಲ. ಅವಳಿಗೆ ಬೇಕಾದದ್ದೂ ಅದೊಂದೇ. ಒಮ್ಮೆ ಜನರ ಎದುರು ತಾನೇ ಹಾಡಬೇಕು, ಹಾಡಿದವಳು ದೊನಾತಾ ಅಂತ ಜನಕ್ಕೆ ಗೊತ್ತಾಗಬೇಕು. ಈ ಮಾತನ್ನು ಅವಳು ನನಗೆ ಎಷ್ಟು ಸಲ ಹೇಳಿದಳೋ ಲೆಕ್ಕ ಇಲ್ಲ.

ಅವಳು ನಿಜಕ್ಕೂ ಹಾಡುವುದನ್ನು ನಾನು ಮೊದಲು ಕೇಳಿದ್ದು ಮುಹೈಸ್ನಾದಲ್ಲಿ. ಅಲ್ಲಿಯ ಲೇಬರ್ ಕ್ಯಾಂಪಿನ ಮೈದಾನದಲ್ಲಿ ಒಂದು ಕನ್ಸ್‌ಟ್ರಕ್ಷನ್ ಕಂಪನಿ ಕೆಲಸಗಾರರಿಗೆ ಮನರಂಜನೆ ಇಟ್ಟಿತ್ತು. ರೆನ್ಸೊಗೆ ಅದು ಅವಮಾನ, ಕಾರಿನಿಂದ ಇಳಿಯಲೇ ಇಲ್ಲ, ಎಸಿ ಹಾಕಿಕೊಂಡು ಕೂತ. ಆ ಸಲ ಚಳಿಗಾಲ ಮುಗಿದ ಮೇಲೂ ಅವರು ಉಳಿದಿದ್ದರು, ಸಂಜೆಯಾದರೂ ನೆಲ ಕಾದು ಕೆಂಡವಾಗಿತ್ತು. ಎರಡನೇ ಹಾಡಿನ ನಡುವೆ ಲ್ಯಾಪ್‌ಟಾಪ್ ಸೆಕೆಗೆ ಕೈ ಕೊಟ್ಟಿತು. ಸದ್ದೇ ಇಲ್ಲ. ನಾನು ಗುಂಡಿ ಒತ್ತೊತ್ತಿ ನೋಡಿದೆ. ದೊನಾತಾ ನನ್ನ ಕಡೆ ನೋಡಿ ಮೈಕಿಗೆ ಬೆರಳು ತೋರಿಸಿದಳು. ನಾನು ಆನ್ ಮಾಡಿದೆ. ಬೀಟು ಇಲ್ಲ, ವಾದ್ಯ ಇಲ್ಲ, ಬರಿಯ ಗಂಟಲಿನಲ್ಲಿ ಎತ್ತಿಕೊಂಡಳು ನೋಡಿ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ ಪಠಾಣರು, ಬಿಹಾರಿಗಳು ಚಪ್ಪಾಳೆಯಲ್ಲೇ ತಾಳ ಹಿಡಿದರು. ಆಮೇಲೆ ಇಡೀ ಮೈದಾನ ಎದ್ದು ಕುಣಿಯಿತು. ಅಂಥ ಕೇಳುಗರನ್ನು ಯಾವ ಪಂಚತಾರಾ ಹೊಟೇಲಿನಲ್ಲೂ ನಾನು ಕಾಣಲಿಲ್ಲ. ಅವಳು ವೇದಿಕೆಯಿಂದ ಇಳಿದು ಸ್ಪೀಕರಿನ ಪೆಟ್ಟಿಗೆಯ ಮೇಲೆ ಕೂತು ಅತ್ತಳು. ನಾನು ಅವಳ ಪಕ್ಕ ಒಂದು ನೀರಿನ ಬಾಟಲಿ ಇಟ್ಟೆ.

ಒಂದು ಸಂಗತಿ ಮಾತ್ರ ನನ್ನ ಕಿವಿಗೆ ಬಿದ್ದಿತ್ತು. ರೆಕಾರ್ಡಿನಲ್ಲಿ ಇದ್ದಷ್ಟು ಎತ್ತರಕ್ಕೆ ಅವಳು ಹೋಗಿರಲಿಲ್ಲ. ವಾದ್ಯ ಇಲ್ಲದ್ದರಿಂದ ತನಗೆ ಹಿತವಾದ ಕಡೆ, ಒಂದು ಸ್ವರ ಕೆಳಗೆ, ಹಿಡಿದಿದ್ದಳು. ಟ್ರ್ಯಾಕಿನ ಎತ್ತರಕ್ಕೆ ಹಾಡಬೇಕಾದರೆ ಈಗ ಅವಳಿಂದ ಆಗುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಹೇಳಿಕೊಳ್ಳಲು ನಾಚಿಕೆ.

ನಮ್ಮವರಿಗೆ ಆ ನಾಚಿಕೆ ಇಲ್ಲ. ನಾನಾಗ ಡಿಸ್ಕವರಿ ಗಾರ್ಡನ್ಸಿನಲ್ಲಿ ಇದ್ದವನು, ಶುಕ್ರವಾರ, ಅಲ್ಲಿ ವಾರದ ರಜೆ ಅವತ್ತೇ, ಜೆಬೆಲ್ ಅಲಿಯ ಚರ್ಚಿನಲ್ಲಿ ಕೊಂಕಣಿ ಪೂಜೆಗೆ ಕೀಬೋರ್ಡ್ ನುಡಿಸುತ್ತಿದ್ದೆ. ಕ್ವೈರಿನ ಹೆಂಗಸರು ಎಲ್ಲ ಆಸ್ಪತ್ರೆ, ಆಫೀಸುಗಳಲ್ಲಿ ವಾರವಿಡೀ ಎಸಿಯಲ್ಲಿ ಕೂತು ಗಂಟಲು ಕೆಡಿಸಿಕೊಂಡವರು. ಪೂಜೆಗೆ ಮೊದಲು ನನ್ನ ಹತ್ತಿರ ಬಂದು, ಇವತ್ತು ಅರ್ಧ ಇಳಿಸು, ಇವತ್ತು ಒಂದು ಇಳಿಸು ಅಂತ ತರಕಾರಿ ಚೌಕಾಸಿ ಮಾಡಿದ ಹಾಗೆ ಹೇಳುತ್ತಿದ್ದರು. ನಾನು ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಇಡೀ ಪೂಜೆ ಒಂದು ಮೆಟ್ಟಿಲು ಕೆಳಗೆ. ದೇವರಿಗೆ ಏನೂ ತೊಂದರೆಯಾದ ಹಾಗೆ ಕಾಣಲಿಲ್ಲ. ಹಾಗೆ ಒಂದು ಶುಕ್ರವಾರ ದೊನಾತಾಳನ್ನು ಪೂಜೆಗೆ ಕರಕೊಂಡು ಹೋದೆ. ಕೊಂಕಣಿ ಬಾರದಿದ್ದರೂ ಐರಿನಳ ಪಕ್ಕ ನಿಂತು ಆ ಆ ಅಂತ ರಾಗ ಹಿಡಿದಳು. ಮೇಲಿನ ಸ್ವರಕ್ಕೆ ಎಳೆಯುವಾಗ ದನಿ ಒಡೆಯಿತು, ಬಾಯಿ ಮುಚ್ಚಿಕೊಂಡಳು. ಐರಿನ್ ಅವಳ ಭುಜ ತಟ್ಟಿ, ಇವರಿಗೆ ಹೇಳು, ಇಳಿಸಿ ಕೊಡ್ತಾರೆ, ಅದಕ್ಕೇ ಇರುವುದು ಇವರು ಅಂದಳು. ನಾನು ಒಂದು ಸ್ವರ ಇಳಿಸಿದೆ. ಮುಂದಿನ ಕೀರ್ತನೆಯಲ್ಲಿ ಆ ದನಿ ಚರ್ಚನ್ನೆಲ್ಲ ತುಂಬಿಕೊಂಡಿತು, ಮುಂದಿನ ಬೆಂಚಿನವರು ತಿರುಗಿ ತಿರುಗಿ ನೋಡಿದರು.

ಪೂಜೆ ಮುಗಿಸಿ ನಮ್ಮ ಮನೆಯಲ್ಲಿ ಸನ್ನಾಸ್ ಮತ್ತು ಕೋಳಿ ಸಾರು ತಿನ್ನುವಾಗ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು. ಆ ವರ್ಷ ಅಬುಧಾಬಿಯ ಒಂದು ಹೊಟೇಲು ಇಡೀ ಚಳಿಗಾಲಕ್ಕೆ, ವಾರಕ್ಕೊಂದರ ಹಾಗೆ, ಕಾರ್ಯಕ್ರಮ ಕೊಡುವವರನ್ನು ಹುಡುಕುತ್ತಿತ್ತು. ಅವರ ಷರತ್ತು ಒಂದೇ, ನಿಜವಾಗಿ ಹಾಡಬೇಕು, ಟ್ರ್ಯಾಕ್ ಮಾಫಿ, ಅಂದರೆ ಇಲ್ಲವೇ ಇಲ್ಲ. ದೊನಾತಾ ರೆನ್ಸೊ ಹತ್ತಿರ ಹೋಗಿ ಕೇಳಿದಳು. ಅವನಿಗೂ ಆ ಹೊಟೇಲು ಬೇಕಿತ್ತು, ಬೇರೆ ದಾರಿ ಇರಲಿಲ್ಲ. ಪರೀಕ್ಷೆಗೆ ಅಂತ ಒಂದು ಪ್ರದರ್ಶನ ಕೊಡು, ಹೊಟೇಲಿನವರು ಒಪ್ಪಿದರೆ ಸೀಸನ್ ನಿನ್ನದು, ಪೋಸ್ಟರಿನಲ್ಲಿ ನಿನ್ನ ಹೆಸರೂ ಹಾಕಿಸುತ್ತೇನೆ ಅಂದ. ಸ್ವರ ಇಳಿಸುವ ವಿಷಯ ನಾನೇ ಹೇಳಿದೆ. ಮುದುಕಿ ಅಂತ ತೋರಿಸಿಕೊಳ್ಳಬೇಕು ಅಂತಿದ್ದರೆ ತೋರಿಸಿಕೊಳ್ಳಲಿ ಅಂತ ನಕ್ಕ. ನನಗೆ ಪಿತ್ತ ನೆತ್ತಿಗೇರಿತು, ಸುಧಾಕರಣ್ಣ ಕಣ್ಣಲ್ಲೇ ಸುಮ್ಮನಿರು ಅಂದರು.

ಆ ದಿನ ನನಗೆ ಮದುವೆ ಮನೆಯ ಗಡಿಬಿಡಿ. ಬೆಳಿಗ್ಗೆ ಅಬುಧಾಬಿ ತಲುಪಿ ನೋಡಿದರೆ ಅವಳ ಮೈಕಿನ ಒಂದು ಕನೆಕ್ಟರ್ ಸಡಿಲ. ಎಲೆಕ್ಟ್ರಾ ಸ್ಟ್ರೀಟಿಗೆ ಓಡಿ ಅಂಗಡಿ ಅಂಗಡಿ ಅಲೆದು ಒಳ್ಳೆಯದನ್ನೇ ತಂದು ಬೆಸುಗೆ ಹಾಕಿದೆ. ವಾದ್ಯದ ಟ್ರ್ಯಾಕುಗಳನ್ನೆಲ್ಲ ಒಂದು ಸ್ವರ ಇಳಿಸಿ ಇಟ್ಟೆ. ನಮ್ಮ ಕೆಲಸದಲ್ಲಿ ಆಗ ಒಂದು ಹೊಸ ಪದ್ಧತಿ ಬಂದಿತ್ತು, ಹೊಸ ಮಿಕ್ಸರುಗಳು ಪ್ರತಿ ಮೈಕಿನ ದನಿಯನ್ನು ಬೇರೆ ಬೇರೆಯಾಗಿ ಡಿಸ್ಕಿಗೆ ತುಂಬಿಕೊಳ್ಳುತ್ತಿದ್ದವು. ಸ್ಪೀಕರಿನಲ್ಲಿ ದನಿ ಏರಿಸಿ, ಇಳಿಸಿ, ಪೂರ್ತಿ ಮುಚ್ಚಿ, ಡಿಸ್ಕಿಗೆ ಮಾತ್ರ ಮೈಕಿಗೆ ಬಿದ್ದದ್ದೆಲ್ಲ ಹೋಗುತ್ತದೆ.

ಸಂಜೆ ಹುಲ್ಲುಹಾಸಿನ ಮೇಲೆ ಮೇಜು ಹಾಕಿದ್ದರು, ಹಿಂದೆ ಸಮುದ್ರ. ಹೊಟೇಲಿನ ಮ್ಯಾನೇಜರ್ ಮುಂದಿನ ಮೇಜಿನಲ್ಲಿ. ರೆನ್ಸೊ ನನ್ನ ಪಕ್ಕ ಬಂದು ನಿಂತ. ದೊನಾತಾ ಕಪ್ಪು ಉಡುಪಿನಲ್ಲಿ ಬಂದಳು, ಕನ್ನಡಕ ತೆಗೆದಿರಲಿಲ್ಲ. ಮೊದಲ ಹಾಡಿಗೆ ಜನ ತಟ್ಟೆಯಿಂದ ತಲೆ ಎತ್ತಲಿಲ್ಲ. ಎರಡನೆಯದರಲ್ಲಿ ಜನ ಚಮಚ ಕೆಳಗಿಟ್ಟರು. ಮೂರನೆಯದಕ್ಕೆ ಎದ್ದು ನಿಂತರು. ಆ ದನಿಯಲ್ಲಿ ಇಪ್ಪತ್ತರ ಹುಡುಗಿಯ ಹೊಳಪು ಇರಲಿಲ್ಲ, ನಿಜ. ಆದರೆ ಉಸಿರು ಇತ್ತು, ಬದುಕಿ ದಣಿದ ಹೆಂಗಸಿನ ಭಾರ ಇತ್ತು. ಅಷ್ಟು ವರ್ಷ ನಾನು ಗುಂಡಿ ಒತ್ತಿ ಕೇಳಿಸಿದ್ದು ಇದರ ಎದುರು ಬರೀ ಸಪ್ಪೆ ಗಂಜಿ. ಮ್ಯಾನೇಜರ್ ತಲೆ ಆಡಿಸುತ್ತಿದ್ದ. ನಾನು ಮನಸ್ಸಿನಲ್ಲೇ, ಗೆದ್ದೆ ಮಾರಾಯ್ತಿ ಅಂದುಕೊಂಡೆ.

ಕೊನೆಯ ಹಾಡು ಮುಗಿಯಿತು. ಚಪ್ಪಾಳೆ ಇಳಿಯುವವರೆಗೆ ಅವಳು ಕಾದಳು. ಆಮೇಲೆ ಮೈಕನ್ನು ಬಾಯಿಯ ಹತ್ತಿರ ತಂದು ಏನೋ ಹೇಳಲು ಶುರುಮಾಡಿದಳು. ಅಷ್ಟರಲ್ಲಿ ನನ್ನ ಪಕ್ಕದಿಂದ ಒಂದು ಕೈ ಬಂತು. ನಮ್ಮ ಲೈನಿನಲ್ಲಿ ಒಬ್ಬನ ಮಿಕ್ಸರನ್ನು ಇನ್ನೊಬ್ಬ ಮುಟ್ಟಬಾರದು, ದೇವರ ಪೀಠದಷ್ಟೇ ಮಡಿ ಅದಕ್ಕೆ. ರೆನ್ಸೊ ಅವಳ ಮೈಕಿನ ಫೇಡರನ್ನು, ದನಿ ಏರಿಸಿ ಇಳಿಸುವ ಗುಂಡಿಯನ್ನು, ಸರ್ರನೆ ಕೆಳಗೆ ಎಳೆದು ಅದರ ಮೇಲೆ ಅಂಗೈ ಒತ್ತಿ ಹಿಡಿದ. ನಾನು ಅವನ ಕೈ ಕೀಳಲು ನೋಡಿದೆ, ಅವನು ಮೈಯ ಭಾರವನ್ನೇ ಹಾಕಿದ್ದ. ವೇದಿಕೆಯಲ್ಲಿ ಅವಳ ಬಾಯಿ ಆಡುತ್ತಿತ್ತು, ದನಿ ಇಲ್ಲ.

ಜನ ಮೊದಲು ಕತ್ತು ಚಾಚಿ ನೋಡಿದರು. ಆಮೇಲೆ ಒಬ್ಬ ನಕ್ಕ. ಟ್ರ್ಯಾಕ್ ಮುಗೀತು, ಪಾಪ ಅವಳಿಗೆ ಗೊತ್ತಾಗಲಿಲ್ಲ ಅಂತ ಯಾರೋ ಕೂಗಿದರು. ನಗು ಮೇಜಿನಿಂದ ಮೇಜಿಗೆ ಹಬ್ಬಿತು. ಎಲ್ಲರ ಕೈಯಲ್ಲೂ ಫೋನು, ಎಲ್ಲ ಅವಳ ಬಾಯಿಯ ಕಡೆ. ಹೊಟೇಲಿನ ವೇದಿಕೆಯಲ್ಲಿ ಮೊದಲ ಸಲ ತನ್ನ ಗಂಟಲಲ್ಲಿ ಹಾಡಿದವಳು ಅವತ್ತೇ ಕಳ್ಳಿಯಾದಳು.

ಯಾಕೆ ಹೀಗೆ ಮಾಡಿದಿ ಅಂತ ನಾನು ಅವನ ಕಾಲರ್ ಹಿಡಿದೆ. ಅವನು ಮೆಲ್ಲಗೆ ಬಿಡಿಸಿಕೊಂಡು, ಆ ಹಾಡು ಹಾಡಿದ್ದು ನಾನು ಅಂತ ಹೇಳಲು ಹೊರಟಿದ್ದಳು, ರೆಕಾರ್ಡಿನ ಮೇಲೆ ಬೇರೆ ಹೆಸರು ಉಂಟು, ಇವತ್ತು ವೇದಿಕೆಯಲ್ಲಿ ಹೇಳಿದ್ದು ನಾಳೆ ಕೋರ್ಟಿನಲ್ಲಿ ಬರುತ್ತದೆ ಅಂದ. ಮ್ಯಾನೇಜರ್ ಬಂದು ನೀವು ನಿಜವಾಗಿ ಹಾಡಿಸುತ್ತೇವೆ ಅಂದಿದ್ದಿರಿ ಅಂತ ಕೇಳಿದಾಗ ರೆನ್ಸೊ ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಈ ವಯಸ್ಸಿನಲ್ಲಿ ಏನು ಮಾಡಲಿಕ್ಕಾಗುತ್ತದೆ ಅಂತ ಭುಜ ಕುಣಿಸಿದ. ನಾನು ಮ್ಯಾನೇಜರನ ಹಿಂದೆ ಓಡಿ ನಡೆದದ್ದು ಹೇಳಿದೆ. ಅವನು ಫೋನಿನಲ್ಲಿ ತೆಗೆದ ವಿಡಿಯೋ ನನ್ನ ಮುಖಕ್ಕೆ ಹಿಡಿದು, ನನ್ನ ಕಣ್ಣಿಗೆ ಕಂಡದ್ದು ಇದು ಅಂದ. ಡಿಸ್ಕ್ ಉಂಟು, ಕೇಳಿಸುತ್ತೇನೆ ಅಂದೆ. ತಾ, ಕೇಳುತ್ತೇನೆ ಅಂದ.

ತರಲು ಮಿಕ್ಸರಿನ ಹತ್ತಿರ ಹೋದರೆ ಡಿಸ್ಕ್ ಇಲ್ಲ. ಸುಧಾಕರಣ್ಣ ಅದನ್ನು ರೆನ್ಸೊ ಕೈಗೆ ಕೊಟ್ಟಾಗಿತ್ತು.

"ಕ್ಲೈಂಟ್ ಕೇಳಿದ, ವಲ್ಲಿ, ಅವನ ಪ್ರೋಗ್ರಾಂ, ಅವನ ಡಿಸ್ಕ್. ಇಡೀ ಸೀಸನಿನ ಸೌಂಡು ನಮಗೇ ಕೊಡ್ತೇನೆ ಅಂದಿದ್ದಾನೆ. ನೀನು ಎಂಥ ಸಾವಿಗೆ ಇಲ್ಲದ ಉಸಾಬರಿ ಮೈಮೇಲೆ ಹಾಕ್ಕೊಳ್ಳೋದು?"

ನಾನು ಕೇಬಲ್ ಸುತ್ತಲು ಶುರುಮಾಡಿದೆ. ವೀಸಾ ಕಂಪನಿಯದ್ದು, ರಿಟೈರ್ ಆಗಲು ಸ್ವಲ್ಪವೇ ಉಳಿದಿತ್ತು. ದೊನಾತಾ ಡ್ರೆಸ್ಸಿಂಗ್ ರೂಮಿನಲ್ಲಿ ಕಾಲು ಮಡಚಿ ಕೂತಿದ್ದಳು. ಹೊಟೇಲಿನವರು ಸೀಸನನ್ನೇ ರದ್ದು ಮಾಡಿದರು ಅಂತ ರೆನ್ಸೊ ಅವಳಿಗೆ ಹೇಳಿ ಮರುದಿನವೇ ವಿಮಾನ ಹತ್ತಿಸಿದ. ವಿಡಿಯೋ ಅವಳಿಗಿಂತ ಮೊದಲು ಇಟಲಿ ತಲುಪಿತ್ತು.

ಸ್ವಲ್ಪ ದಿನ ಕಳೆದು ಸುಧಾಕರಣ್ಣ ಡಿಸ್ಕನ್ನು ನನ್ನ ಕೈಗೆ ವಾಪಸು ಕೊಟ್ಟರು. ಇದರಿಂದ ಒಂದು ಟ್ರ್ಯಾಕ್ ಮಾಡಬೇಕಂತೆ, ಹೆಂಗಸಿನ ದನಿ, ವಾದ್ಯ ಸೇರಿಸಿ, ಕೊನೆಯ ಮಾತು ಕತ್ತರಿಸಿ. ರೆನ್ಸೊ ಹೊಸ ಹುಡುಗಿಯನ್ನು ತಂದಿದ್ದ, ಕೀವ್ ಕಡೆಯವಳು, ಚಂದದ ಹುಡುಗಿ, ಕುಣಿತದಲ್ಲಿ ಎತ್ತಿದ ಕೈ. ಅದೇ ಹೊಟೇಲು ಅವಳನ್ನು ಒಪ್ಪಿಕೊಂಡಿತ್ತು. ರಿಹರ್ಸಲ್ ನೋಡಿದ ಮ್ಯಾನೇಜರ್, ಈ ಸಲ ನಿಜವಾಗಿ ಹಾಡುತ್ತಿದ್ದಾಳೆ, ಉಸಿರು ಕೇಳಿಸುತ್ತದೆ ಅಂದನಂತೆ. ಹೌದು, ಉಸಿರು ಇತ್ತು. ದೊನಾತಾಳದ್ದು. ರೆನ್ಸೊಗೆ ಬೇಕಾದದ್ದೂ ಅದೇ ಉಸಿರು.

ಗೋಡೌನಿನಲ್ಲಿ ಕೂತು ಹೆಡ್‌ಫೋನ್ ಹಾಕಿ ಅವಳ ಮೈಕಿನ ಟ್ರ್ಯಾಕ್ ಕೊನೆಯವರೆಗೆ ಕೇಳಿದೆ. ಅವಳು ಅವತ್ತು ಏನು ಹೇಳಿದ್ದಳು ಅಂತ ನನಗೆ ಗೊತ್ತಾದದ್ದು ಆಗ. ಇಂಗ್ಲಿಷಿನಲ್ಲಿ, ನಿಧಾನ, ಒಂದೊಂದೇ ಪದ ಬಿಡಿಸಿ ಹೇಳಿದ್ದಳು.

"ನನ್ನ ಹೆಸರು ದೊನಾತಾ. ಹಾಡಿದ್ದು ನಾನು. ಮೊದಲಿನಿಂದಲೂ ನಾನೇ."

ಆಮೇಲೆ ನಗು ಕೇಳಿಸಿ ಅವಳು ತಡವರಿಸಿದ್ದು, ಮೈಕು ತಟ್ಟಿ ನೋಡಿದ್ದು, ಹಲೋ ಅಂದದ್ದು ಎಲ್ಲ ಅದರಲ್ಲಿತ್ತು. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಕೇಳಿದೆ. ರಿಹರ್ಸಲಿಗೆ ಕೊಡುವ ಟ್ರ್ಯಾಕಿನಲ್ಲಿ ಆ ಮಾತು ಕತ್ತರಿಸಿದೆ. ಸೀಸನಿನ ಉದ್ಘಾಟನೆಯ ದಿನ ಹಾಕುವ ಟ್ರ್ಯಾಕಿನಲ್ಲಿ ಆ ಮೂರು ವಾಕ್ಯ ಹಾಗೇ ಇಟ್ಟೆ. ಐರಿನ್‌ಗೆ ಹೇಳಿದಾಗ ಅವಳು ಶಿಲುಬೆಯ ಗುರುತು ಮಾಡಿಕೊಂಡು, ಕೆಲಸ ಹೋದರೆ ಹೋಗಲಿ, ಊರಿಗೆ ಹೋಗುವಾ ಅಂದಳು. ಹುಡುಗಿಯ ಬಾಯಿ ಮುಚ್ಚಿರುವಾಗ ಆ ದನಿ ಸ್ಪೀಕರಿನಲ್ಲಿ ತಾನೇ ಮಾತಾಡಲಿ, ಮ್ಯಾನೇಜರಿಗೆ ಗೊತ್ತಾಗಲಿ, ಎಲ್ಲರಿಗೂ ಗೊತ್ತಾಗಲಿ, ಇಷ್ಟೇ ನನ್ನ ಲೆಕ್ಕ.

ಉದ್ಘಾಟನೆಯ ಸಂಜೆ ಹುಲ್ಲುಹಾಸು ಭರ್ತಿ. ಹುಡುಗಿ ಕುಣಿದಳು, ಬಾಯಿ ಆಡಿಸಿದಳು, ಒಂದಿಷ್ಟೂ ತಪ್ಪಲಿಲ್ಲ. ಕೊನೆಯ ಹಾಡು ಮುಗಿದು ಅವಳು ಬಗ್ಗಿ ನಮಸ್ಕರಿಸಿದಳು. ಕೂದಲು ಮುಖದ ಮೇಲೆ ಬಿದ್ದಿತ್ತು. ಆಗ ಸ್ಪೀಕರಿನಿಂದ ದೊನಾತಾ ಮಾತಾಡಿದಳು. ನನ್ನ ಹೆಸರು ದೊನಾತಾ. ಹುಡುಗಿ ಬೆಚ್ಚಿದ್ದು ನನಗೊಬ್ಬನಿಗೆ ಕಂಡಿತು. ಚುರುಕು ಹುಡುಗಿ, ಬಗ್ಗಿದಲ್ಲೇ ಮೈಕನ್ನು ಬಾಯಿಗೆ ತಂದಳು. ಹಾಡಿದ್ದು ನಾನು ಅನ್ನುವ ಹೊತ್ತಿಗೆ ಎದ್ದು ನಿಂತು ತುಟಿ ಸೇರಿಸಿದ್ದಳು. ಮೊದಲಿನಿಂದಲೂ ನಾನೇ ಅನ್ನುವಾಗ ಎದೆಯ ಮೇಲೆ ಕೈ ಇಟ್ಟಳು. ಅವಳದ್ದೂ ಹೊಟ್ಟೆಪಾಡು, ಅವಳನ್ನು ಬೈದು ಪ್ರಯೋಜನ ಇಲ್ಲ.

ಜನ ಎದ್ದು ನಿಂತು ದೊನಾತಾ, ದೊನಾತಾ ಅಂತ ಕೂಗಿದರು. ಮ್ಯಾನೇಜರೂ ಕೂಗಿದ, ಮೊದಲು ಬಂದವಳ ಹೆಸರು ಅವನಿಗೆ ಯಾರೂ ಹೇಳಿರಲಿಲ್ಲ. ಯಾರಿಗೂ ಏನೂ ಗೊತ್ತಾಗಲಿಲ್ಲ.

ರೆನ್ಸೊ ನನ್ನ ಕಡೆ ಓಡಿ ಬಂದ. ಹೊಡೆಯುತ್ತಾನೆ ಅಂದುಕೊಂಡು ನಾನು ತಯಾರಾಗಿಯೇ ನಿಂತಿದ್ದೆ, ಒಂದು ಕೊಡುವುದು ಅಂತಲೂ ಇತ್ತು. ಅವನು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತು ಕೊಟ್ಟ. ಎಂಥ ತಲೆ ನಿನ್ನದು, ನನಗೆ ಹೊಳೆಯಲೇ ಇಲ್ಲವಲ್ಲ ಅಂದ. ಇನ್ನು ಹಾಡಿದ್ದು ದೊನಾತಾ ಅಂತ ಯಾರು ಬೇಕಾದರೂ ಹೇಳಲಿ, ದೊನಾತಾ ನಮ್ಮ ಹತ್ತಿರವೇ ಇದ್ದಾಳಲ್ಲ ಅಂತ ನಕ್ಕ. ಆ ಮಾತು ಪ್ರತಿ ವಾರವೂ ಟ್ರ್ಯಾಕಿನಲ್ಲಿ ಇರಲಿ ಅಂತ ಹೇಳಿದ. ನಾನು ಬೇಡ ಅಂದೆ, ಕತ್ತರಿಸುತ್ತೇನೆ ಅಂದೆ. ಸುಧಾಕರಣ್ಣ ನನ್ನನ್ನು ಬದಿಗೆ ಕರೆದು, ಬೇರೆ ಹುಡುಗನನ್ನು ಕೂರಿಸುತ್ತೇನೆ, ನೀನು ಗೋಡೌನಿನಲ್ಲೇ ಇರು ಅಂದರು. ಅದು ಅವರು ನನಗೆ ಮಾಡಿದ ಉಪಕಾರ ಅಂತಲೇ ಅವರು ತಿಳಿದಿದ್ದಾರೆ.

ವಾರದೊಳಗೆ ಅಬುಧಾಬಿಗೆ ಹೋಗುವ ರಸ್ತೆಯಲ್ಲಿ ಬೋರ್ಡು ಬಿತ್ತು. ಮೇಲೆ ಗುಂಪಿನ ಹೆಸರು, ಕೆಳಗೆ ಇಷ್ಟು ದೊಡ್ಡ ಅಕ್ಷರದಲ್ಲಿ ದೊನಾತಾ, ನಡುವೆ ಆ ಹುಡುಗಿಯ ಮುಖ. ಹುಡುಗಿಯನ್ನು ಎಲ್ಲರೂ ಆ ಹೆಸರಿನಿಂದಲೇ ಕರೆಯತೊಡಗಿದರು, ಅಡುಗೆಯವರು, ವೇಟರುಗಳು, ನಮ್ಮ ಡ್ರೈವರುಗಳು.

ಯಾರೋ ಆ ಬೋರ್ಡಿನ ಫೋಟೋವನ್ನು ದೊನಾತಾಳಿಗೆ ಕಳಿಸಿದ್ದರು. ಒಂದು ಮಧ್ಯಾಹ್ನ ನಾನು ಗೋಡೌನಿನಲ್ಲಿ ಕೇಬಲ್ ಸುತ್ತುತ್ತಿದ್ದಾಗ ಅವಳ ಫೋನ್ ಬಂತು. ನಡೆದದ್ದನ್ನೆಲ್ಲ ಬಿಡದೆ ಹೇಳಿದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಐರಿನಳ ಆರೋಗ್ಯ ಕೇಳಿದಳು. ಕೊನೆಗೆ ಒಂದೇ ಒಂದು ಕೇಳಿದಳು.

"ದೊನಾತಾ ಅಂತ ಕರೆದರೆ ಆ ಹುಡುಗಿ ತಿರುಗಿ ನೋಡುತ್ತಾಳಾ?"

ನೋಡುತ್ತಾಳೆ ಅಂದೆ.